ವಲ್ಲಿಯ ಕೆಳಗಿನ ಕೈ

"ಗುರುಗಳೇ, ಒಬ್ಬ ವ್ಯಾಪಾರಿಯನ್ನು ಗೌರವಿಸುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ರೀತಿ ಯಾವುದು?" ಎಂದು ಚನ್ನವೀರ ಕೇಳಿದ.

ಚನ್ನವೀರನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ವರ್ತಕರ ಸಂಘದ ಕಾರ್ಯದರ್ಶಿಯೂ ಅವನೇ. ಆ ವರ್ಷ ಸಂಘದವರು ಸಿದ್ದಿ ಜನಾಂಗದ ಒಬ್ಬ ಜೇನು ವ್ಯಾಪಾರಿಗೆ ಸನ್ಮಾನ ಮಾಡಬೇಕೆಂದು ಗೊತ್ತುಮಾಡಿದ್ದರು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ತಯಾರಾಗಿತ್ತು. ಇನ್ನೂ ಏನಾದರೂ ಬೇಕೇ ಎಂಬುದು ಅವನ ಚಿಂತೆ.

"ಶಾಲು ನಿನ್ನ ಅಂಗಡಿಯದ್ದೇ ತಾನೇ?" ಎಂದರು ಗುರುಗಳು. ಉಳಿದ ಶಿಷ್ಯರು ನಕ್ಕರು. "ಅವನು ನಿಮ್ಮ ಸಂಘದ ಸದಸ್ಯನೋ?"

"ಇಲ್ಲ ಗುರುಗಳೇ. ಕೇಳಿಕೊಂಡಿದ್ದಾನೆ. ಅದನ್ನು ಮುಂದೆ ನೋಡೋಣ ಎಂದಿದ್ದೇವೆ."

ಗುರುಗಳು ಕತೆ ಶುರುಮಾಡಿದರು.

ಘಟ್ಟದ ಅಂಚಿನ ಒಂದು ಊರಿನಲ್ಲಿ ಎತ್ತಿನ ಸಂತೆ ನಡೆಯುತ್ತಿತ್ತು. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಅದುಮುತ್ತಿದ್ದರು. ಬೆರಳಿಗೆ ಇಷ್ಟು ಎಂದು ಬೆಲೆ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತಿತ್ತು. ಕೈಗೆ ಕೈ ಸಿಗದವನಿಗೆ ಆ ಸಂತೆಯಲ್ಲಿ ವ್ಯಾಪಾರವೇ ಇಲ್ಲ.

ಆ ಸಂತೆಗೆ ಜುಜೆ ಎಂಬ ಸಿದ್ದಿ ಎತ್ತು ತರುತ್ತಿದ್ದ. ಅವನ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದ್ದರು. ಮಾರಾಟವಾದವರ ವಂಶದಲ್ಲಿ ಹುಟ್ಟಿ ಅವನು ಈಗ ಮಾರುವವನಾಗಿದ್ದ. ಹತ್ತಿರ ಬಂದವರನ್ನೆಲ್ಲ ಹಾಯುವ ಪುಂಡ ಹೋರಿಗಳನ್ನು ಕೊಂಡು, ಪಳಗಿಸಿ, ನೊಗಕ್ಕೆ ಒಗ್ಗಿಸಿ, ಜೋಡಿ ಮಾಡುತ್ತಿದ್ದ. ಅವನ ಕೇರಿಯ ಹಲವರಿಗೆ ಅದರಿಂದಲೇ ಅನ್ನ. ಜುಜೆಯ ಜೋಡಿ ಎಂದರೆ ಜನ ಕಣ್ಣು ಮುಚ್ಚಿಕೊಂಡು ಖರೀದಿಸುತ್ತಿದ್ದರು.

ಆದರೆ ಅವನ ಕೈಯನ್ನು ಯಾರೂ ಹಿಡಿಯುತ್ತಿರಲಿಲ್ಲ. ಅದು ಕಪ್ಪು ಕೈ, ಸಿದ್ದಿಯ ಕೈ. ಅದಕ್ಕಾಗಿ ಒಬ್ಬ ದಲ್ಲಾಳಿ ಇದ್ದ. ಜುಜೆಯ ಪರವಾಗಿ ಅವನು ವಲ್ಲಿಯ ಕೆಳಗೆ ಕೈ ಇಡುತ್ತಿದ್ದ. ಎತ್ತು ಎಷ್ಟಕ್ಕೆ ಹೋಯಿತೆಂದು ದಲ್ಲಾಳಿಗೆ ಗೊತ್ತು, ಕೊಂಡವನಿಗೆ ಗೊತ್ತು, ಎತ್ತಿನ ಒಡೆಯನಿಗೆ ಮಾತ್ರ ಗೊತ್ತಿಲ್ಲ. ದಲ್ಲಾಳಿ ಕೊಟ್ಟಷ್ಟು ತೆಗೆದುಕೊಂಡು ಮನೆಗೆ ಹೋಗಬೇಕು. ಇದು ಯಾವ ಸೀಮೆಯ ನ್ಯಾಯವೋ ನನಗಂತೂ ತಿಳಿಯದು.

ಜುಜೆ ಬಾಯಿ ಮುಚ್ಚಿಕೊಂಡು ಇರುವ ಆಸಾಮಿಯಲ್ಲ. ಸಂತೆಯ ಯಜಮಾನನಾದ ಸಾಹುಕಾರನ ಬಳಿ ಹೋಗಿ, ಇನ್ನು ಮುಂದೆ ನನ್ನ ಎತ್ತಿಗೆ ನಾನೇ ಕೈ ಕೊಡುತ್ತೇನೆ ಎಂದ. ಸಾಹುಕಾರ ಕೆಟ್ಟವನಲ್ಲ. ಜುಜೆಯನ್ನು ಕಂಡರೆ ಅವನಿಗೆ ಪ್ರೀತಿಯೇ ಇತ್ತು. ಜನ ಒಪ್ಪಬೇಕಲ್ಲ, ಸ್ವಲ್ಪ ತಾಳು ಎಂದ. ಹಾಗೆಂದ ಮೇಲೆ ಮನಸ್ಸು ಚುಚ್ಚಿತೋ ಏನೋ, ಜುಜೆಗೆ ಒಂದು ದೊಡ್ಡ ಸನ್ಮಾನವನ್ನೇ ಇಟ್ಟುಕೊಂಡ.

ಸಂತೆಯ ಬಯಲಿನಲ್ಲಿ ಪೆಂಡಾಲು ಹಾಕಿದರು. ಕಡಲು ದಾಟಿ ಬಂದ ಕುಲದ ಕಣ್ಮಣಿ ಎಂದು ಹೊಗಳಿದರು. ದಲ್ಲಾಳಿಯೂ ನಾಲ್ಕು ಮಾತಾಡಿ ಕಣ್ಣೊರೆಸಿಕೊಂಡ. ಸಾಹುಕಾರ ತಾನೇ ಹಾರ ಹಾಕಿ ಶಾಲು ಹೊದಿಸಿದ. ಜುಜೆಗೂ ಮಾತಾಡೆಂದು ಮೈಕು ಕೊಡಲು ಬಂದರು.

ಜುಜೆ ಮೈಕು ಮುಟ್ಟಲಿಲ್ಲ. ಹೆಗಲಿನ ಶಾಲನ್ನು ತೆಗೆದು ಬಲಗೈ ಮೇಲೆ ಹೊದಿಸಿಕೊಂಡ. ಆ ಕೈಯನ್ನು ಸಾಹುಕಾರನ ಮುಂದೆ ಚಾಚಿದ.

"ಭಾಷಣ ನಂಗ ಬರೂದಿಲ್ರಿ ಸಾವ್ಕಾರ್ರ, ವ್ಯಾಪಾರ ಬರತೈತಿ. ಜೋಡಿ ಅಲ್ಲೇ ಗೂಟಕ್ಕ ಕಟ್ಟೇನಿ. ಕೈ ಕೊಡ್ರಿ."

ಚಪ್ಪಾಳೆ ನಿಂತಿತು. ಸಾಹುಕಾರ ಸುತ್ತ ಕುಳಿತವರ ಮುಖ ನೋಡಿದ.

"ಅದಕ್ಕ ಕೈ ಯಾಕ ಬೇಕೋ ಜುಜೆ? ಬಾಯಿಲೆ ಹೇಳು. ನೀ ಎಷ್ಟ ಕೇಳ್ತಿ ಅಷ್ಟ ಕೊಡತೇನಿ."

"ಕೇಳಿದಷ್ಟು ಕೊಟ್ರ ಅದು ದಾನ ಆಗತೈತ್ರಿ. ನೀವು ಇಳಸಬೇಕು, ನಾ ಏರಸಬೇಕು. ವ್ಯಾಪಾರ ಅಂದ್ರ ಅದು."

ಸಾಹುಕಾರ ಕೈ ಕೊಡಲಿಲ್ಲ. ಜುಜೆ ಕೈ ಇಳಿಸಲಿಲ್ಲ. ಆ ದಿನ ಇಳಿಸಿದರೆ ಸಾಯುವ ತನಕ ದಲ್ಲಾಳಿಯ ಬೆನ್ನ ಹಿಂದೆಯೇ ನಿಲ್ಲಬೇಕು, ತನ್ನ ಮಕ್ಕಳೂ ಅಲ್ಲಿಯೇ ನಿಲ್ಲಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಾಚಿದ ಕೈಯನ್ನು ಚಾಚಿಕೊಂಡೇ ವೇದಿಕೆಯಿಂದ ಇಳಿದು ತನ್ನ ಎತ್ತುಗಳ ಪಕ್ಕದಲ್ಲಿ ಹೋಗಿ ನಿಂತ.

ಬಹಳ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಒಬ್ಬ ರೈತ ಎದ್ದು ಬಂದ. ಬಿತ್ತನೆ ಹತ್ತಿರವಾಗಿತ್ತು, ಅವನಿಗೆ ಎತ್ತು ಬೇಕಾಗಿತ್ತು. ಬೇರೆ ಯಾವ ದೊಡ್ಡ ವಿಚಾರವೂ ಅವನ ತಲೆಯಲ್ಲಿ ಇರಲಿಲ್ಲ. ಶಾಲಿನ ಕೆಳಗೆ ಕೈ ಹಾಕಿದ. ಜುಜೆ ಅವನ ಬೆರಳು ಅದುಮಿದ. ರೈತ ತಲೆ ಅಲ್ಲಾಡಿಸಿ ತಾನೂ ಅದುಮಿದ. ಜುಜೆ ಮುಖ ಸಿಂಡರಿಸಿದ. ರೈತ ಎತ್ತಿನ ಹಲ್ಲು ನೋಡಿದ, ಗೊರಸು ನೋಡಿದ, ಇಲ್ಲದ ಐಬನ್ನೆಲ್ಲ ಹುಡುಕಿದ. ಮತ್ತೆ ಕೈ ಹಾಕಿದ. ಇಬ್ಬರೂ ಬೆವೆತರು. ಪೆಂಡಾಲಿನಲ್ಲಿ ಕುಳಿತವರು ಒಬ್ಬೊಬ್ಬರಾಗಿ ಎದ್ದು ಕುಸ್ತಿ ನೋಡುವವರ ಹಾಗೆ ಸುತ್ತ ನೆರೆದರು. ಕಡೆಗೆ ಇಬ್ಬರೂ ಒಟ್ಟಿಗೆ ನಕ್ಕು ಶಾಲು ತೆಗೆದರು.

"ಭಾಳ ಜಿಗುಟ ಮನಷ್ಯಾ ಅದೀಯೋ ಮಾರಾಯ," ಎಂದು ಬೈದುಕೊಂಡೇ ರೈತ ಎತ್ತು ಹೊಡೆದುಕೊಂಡು ಹೋದ. ಅಷ್ಟು ಹೊಗಳಿದಾಗ ಸುಮ್ಮನಿದ್ದ ಜುಜೆ ಆ ಬೈಗುಳಕ್ಕೆ ಮಗುವಿನಂತೆ ಹಿಗ್ಗಿದ.

ಮುಂದಿನ ಸಂತೆಯಲ್ಲಿ ಜನ ತಾವಾಗಿಯೇ ಜುಜೆಗೆ ಕೈ ಕೊಟ್ಟರು. ಬರಬರುತ್ತ ಬೇರೆ ಸಿದ್ದಿಗಳೂ ಎತ್ತು ತಂದರು, ತಾವೇ ಕೈ ಚಾಚಿದರು. ದಲ್ಲಾಳಿ ಬೇರೆ ಕಸುಬು ಹಿಡಿದನಂತೆ. ಅವನ ಚಿಂತೆ ನಮಗೆ ಬೇಡ.

ಗುರುಗಳು ಕತೆ ಮುಗಿಸಿದರು. ಚನ್ನವೀರ ಕೇಳಿದ:

"ಒಂದು ತಿಳಿಯಲಿಲ್ಲ ಗುರುಗಳೇ. ಸಾಹುಕಾರ ಕೆಟ್ಟವನಲ್ಲ ಎಂದಿರಿ. ಅಷ್ಟು ಜನರ ಎದುರು ತಾನೇ ಹಾರ ಹಾಕಿದವನಿಗೆ ಒಂದು ಕೈ ಕೊಡುವುದು ಯಾಕೆ ಅಷ್ಟು ಕಷ್ಟವಾಯಿತು?"

ಗುರುಗಳು ಹೇಳಿದರು: "ಹಾರ ಹಾಕುವಾಗ ಕೈಗೆ ಕೈ ತಾಗುವುದಿಲ್ಲ, ಚನ್ನವೀರ."