ನೋಟ್‌ಪ್ಯಾಡಿನಲ್ಲಿ ಉಳಿದದ್ದು

"ಗುರುಗಳೇ, ದೇವರ ಮೇಲೆ ಸ್ತೋತ್ರ ಕಟ್ಟಿ ಕಟ್ಟಿ ನಾಲಿಗೆ ಸವೆಯಿತು. ಅವನೇಕೆ ಬರಲೊಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಕಾಲು ಚಾಚಿ ಕುಳಿತು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಮಗಳಿಗೆ ಮದುವೆ ಗೊತ್ತಾಯಿತು. ಅವನ ಅಣ್ಣ ಮುನಿಸಿಕೊಂಡು ಬೇರೆ ಊರಿನಲ್ಲಿದ್ದ. ಹಿರಿಯನ ಕೈ ತಾಕದೆ ಚಪ್ಪರದ ಮೊದಲ ಕಂಬ ನೆಡುವಂತಿಲ್ಲ. ಅದು ಆ ಮನೆತನದ ಪದ್ಧತಿ. ಅಣ್ಣ ಬೆರಗಾಗಿ ಓಡಿ ಬರುವಂಥ ಲಗ್ನಪತ್ರಿಕೆ ಮಾಡಿಸಬೇಕೆಂದು ವ್ಯಾಪಾರಿ ಕಂಪ್ಯೂಟರ್ ಅಂಗಡಿಗೆ ಹೋದ.

ಮಾಡಿಸಿದ ನೋಡು! ಅಕ್ಷರಕ್ಕೆಲ್ಲ ಚಿನ್ನದ ಬಣ್ಣ, ಸುತ್ತ ಹೂಬಳ್ಳಿ. ಬಳ್ಳಿ ಎಂಥದೆಂದರೆ, ಜೇನುಹುಳ ಬಂದು ಕಂಪ್ಯೂಟರಿಗೇ ಗೂಡು ಕಟ್ಟಿದವು. ಮೇಲೊಂದು ನವಿಲು. ಅದರ ಬಾಲಕ್ಕೆ ಜಾಗ ಸಾಲಲಿಲ್ಲ.

"ಕೊನೇ ಸಾಲು ತೆಗೆದುಬಿಡಮ್ಮ, ನವಿಲಿಗಿಂತ ಹೆಚ್ಚೇ ಅದು?" ಎಂದ. ಅಂಗಡಿಯ ಹೆಂಗಸು ತೆಗೆದಳು.

ಅಣ್ಣ ಪತ್ರಿಕೆಯನ್ನು ತಂದವನ ಕೈಯಲ್ಲೇ ಹಿಂದೆ ಕಳಿಸಿದ: "ನವಿಲನ್ನು ಕಂಡೆ, ಚೆನ್ನಾಗಿದೆ ಅನ್ನು."

ಚಪ್ಪರದ ದಿನ ಬಂತು. ಕಂಬ ಅಂಗಳದಲ್ಲೇ ಬಿದ್ದಿತ್ತು. ವ್ಯಾಪಾರಿ ಅಂಗಡಿಗೆ ಓಡಿದ. "ಎರಡು ನವಿಲು ಹಾಕು!"

"ತಡೀರಿ ಯಜಮಾನ್ರೇ, ಹಳೇ ಒಡವೆ ಕಳಚದೆ ಹೊಸದು ಹಾಕೋಕಾಗಲ್ಲ" ಎಂದು ಅವಳು ಬರಹವನ್ನೆಲ್ಲ ನೋಟ್‌ಪ್ಯಾಡಿಗೆ ಹಾಕಿದಳು. ಅದು ಕಂಪ್ಯೂಟರಿನ ಜೊತೆಗೇ ಬರುವ ಬರಿಯ ಬಿಳಿ ಹಾಳೆ. ಬಣ್ಣ, ಬಳ್ಳಿ, ಚಿತ್ರ ಯಾವುದನ್ನೂ ಒಳಗೆ ಬಿಟ್ಟುಕೊಳ್ಳದು, ಮಾತನ್ನಷ್ಟೇ ಉಳಿಸಿಕೊಳ್ಳುತ್ತದೆ. ಚಿನ್ನ ಉದುರಿತು. ನವಿಲು ಹಾರಿತು. ಜೇನುಹುಳಗಳೂ ನಾಚಿ ಎದ್ದುಹೋದವು.

ವ್ಯಾಪಾರಿ ಓದಿದ. ತನ್ನ ಬಿರುದು, ತನ್ನ ಮಂಡಿಯ ಹೆಸರು, ಅಜ್ಜನ ಬಿರುದು, ಮದುವೆಯ ದಿನ. 'ಬನ್ನಿ' ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ಅದಿದ್ದದ್ದು ಬಾಲಕ್ಕಾಗಿ ತೆಗೆಸಿದ ಸಾಲಿನಲ್ಲಿ.

ಅವನು ಎಲ್ಲವನ್ನೂ ಅಳಿಸಲು ಹೇಳಿದ. ಅವಳು ತೋರಿಸಿದ ಕೀಲಿಗಳನ್ನು ಒಂದೇ ಬೆರಳಿನಿಂದ ಒತ್ತಿದ: "ಅಣ್ಣಾ, ಬಾ." ಅಷ್ಟನ್ನೇ ಅಚ್ಚು ಹಾಕಿಸಿ ಕಳಿಸಿದ.

ಅಣ್ಣ ಬಂದ ಬರವೇನು! ಹಾಳೆಯನ್ನು ರುಮಾಲಿಗೆ ಸಿಕ್ಕಿಸಿಕೊಂಡು ಗಾಳಿಯನ್ನೇ ಹಿಂದೆ ಹಾಕಿದ. ಅವನ ನೆರಳು ಒಂದು ಹರದಾರಿ ಹಿಂದೆ ಉಳಿದು, ಊಟದ ಹೊತ್ತಿಗೆ ಬಂದು ಸೇರಿತು. "ಕಂಬ ಎಲ್ಲೋ, ಕತ್ತೆ?" ಎನ್ನುತ್ತ ತಮ್ಮನನ್ನು ತಬ್ಬಿಕೊಂಡ. ಕಂಬ ಎದ್ದು ನಿಂತಿತು.

ಶಿಷ್ಯ ಹೊಟ್ಟೆ ಹಿಡಿದು ನಕ್ಕ. ಗುರುಗಳೂ ನಕ್ಕು, ಕೈ ಚಾಚಿದರು:

"ನಿನ್ನ ಸ್ತೋತ್ರದಲ್ಲಿ 'ಬಾ' ಅಂತ ಎಲ್ಲಿ ಬರೆದಿದ್ದೀಯಪ್ಪ, ತೋರಿಸು."