ಹಪ್ಪಳಕ್ಕೂ ಅದೇ ಕಟ್ಟಳೆ

"ನಮ್ಮ ಪಾಠಶಾಲೆಯಲ್ಲಿ ಮಕ್ಕಳು ಸೂರ್ಯ ಹುಟ್ಟಿದಾಗ ಕೂತರೆ ಮುಳುಗಿದ ಮೇಲೇ ಏಳುವುದು. ಇಂಥ ಶಾಲೆ ಬೇರೆ ಯಾವ ಸೀಮೆಯಲ್ಲಿದೆ, ಹೇಳಿ ನೋಡೋಣ" ಎಂದು ದೊರೆ ದೇವಪ್ಪ ನಾಯಕ ಸಭೆಯಲ್ಲಿ ಮೀಸೆ ತಿರುವಿದ.

ಸಭೆಯವರು ಹೌದೆಂದು ತಲೆಯಾಡಿಸಿದರು. ತಲೆಯಾಡಿಸಿದವರ ಮಕ್ಕಳೂ ಆ ಶಾಲೆಯಲ್ಲೇ ಕೂತಿದ್ದರು.

ಆಗ ಅಂಬಿಗರ ಹಿರಿಯಣ್ಣ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ನಿಂತ. ಬೆಳಗ್ಗೆ ನೆರೆಯವನೊಬ್ಬ ದೋಣಿ ನೋಡಿಕೊಳ್ಳುತ್ತಾನೆ. ಮಧ್ಯಾಹ್ನದ ಮೇಲೆ ಹುಟ್ಟು ಹಾಕಲು ಮಗಳು ನೀಲವ್ವ ಒಬ್ಬಳೇ ದಿಕ್ಕು. ಅವಳೋ ದಿನದ ಪಾಠವನ್ನೆಲ್ಲ ಮಧ್ಯಾಹ್ನದೊಳಗೆ ಒಪ್ಪಿಸಿ, ಆಮೇಲೆ ಗೋಡೆ ನೋಡುತ್ತ ಕೂರುತ್ತಾಳೆ. ಗುರುಗಳೂ ಹೌದೆನ್ನುತ್ತಾರೆ. ಅವಳನ್ನು ಬೇಗ ಬಿಟ್ಟರೆ ಓದೂ ಉಳಿಯುತ್ತದೆ, ದೋಣಿಯೂ ಉಳಿಯುತ್ತದೆ ಎಂದು ಹಿರಿಯಣ್ಣ ಮೊರೆಯಿಟ್ಟ.

"ಒಬ್ಬಳನ್ನು ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ" ಎಂದ ನಾಯಕ. "ಸಂಜೆಯವರೆಗೆ ಕೂರಲಿ. ಆಗದಿದ್ದರೆ ಶಾಲೆ ಬಿಡಲಿ."

ಆಗ ಆಸ್ಥಾನದ ವಿದೂಷಕ ಬೊಮ್ಮರಸ ಎದ್ದು ಕೈ ಮುಗಿದ. ಈ ಕಟ್ಟಳೆ ತನಗೆ ಬಹಳ ಹಿಡಿಸಿತೆಂದೂ, ಇಷ್ಟು ಒಳ್ಳೆಯದನ್ನು ಶಾಲೆಗೆ ಮಾತ್ರ ಇಟ್ಟುಕೊಳ್ಳುವುದು ನ್ಯಾಯವಲ್ಲವೆಂದೂ, ಅರಮನೆಯ ಅಡುಗೆಮನೆಗೂ ಅದನ್ನು ಹಾಕಲು ಅಪ್ಪಣೆಯಾಗಬೇಕೆಂದೂ ಬೇಡಿದ. ಹೊಗಳಿಕೆ ಕಿವಿಗೆ ಬಿದ್ದರೆ ನಾಯಕ ಮುಂದಿನದನ್ನು ಯೋಚಿಸುವವನಲ್ಲ. ಅಪ್ಪಣೆಯಾಯಿತು.

ಮರುದಿನ ಮಧ್ಯಾಹ್ನ ನಾಯಕನಿಗೆ ಊಟದ ಎಲೆ ಹಾಕಲಿಲ್ಲ. ಕೇಳಿ ಕಳಿಸಿದರೆ, ಸೂರ್ಯ ಇನ್ನೂ ಮುಳುಗಿಲ್ಲವೆಂದು ಉತ್ತರ ಬಂತು. ದೀಪ ಹಚ್ಚಿದ ಮೇಲೆ ಬಡಿಸಿದರು. ಬೇಳೆಯೇನೋ ಚೆನ್ನಾಗಿ ಬೆಂದಿತ್ತು. ಅನ್ನ ಅಂಟಾಗಿತ್ತು, ಸೊಪ್ಪು ತಳ ಹಿಡಿದಿತ್ತು. ಎಲೆಯ ತುದಿಯಲ್ಲಿ ಒಂದು ಚಿಟಿಕೆ ಬೂದಿ.

"ಇದೇನೋ ಬೊಮ್ಮರಸ?"

"ಹಪ್ಪಳ, ಪ್ರಭು. ಬೆಳಗ್ಗೆಯಿಂದ ಕೆಂಡದ ಮೇಲೇ ಇತ್ತು."

"ಹಪ್ಪಳವನ್ನು ಯಾವನಾದರೂ ದಿನವಿಡೀ ಸುಡುತ್ತಾನೇನೋ? ಆದ ಕೂಡಲೇ ತೆಗೆಯಬೇಕೆಂಬ ಬುದ್ಧಿ ಬೇಡವೇ?"

"ತೆಗೆಯೋಣವೆಂದೇ ಅಡುಗೆಯ ಭಟ್ಟರು ಇಕ್ಕಳ ಹಿಡಿದರು. ನಾನೇ ತಡೆದೆ. ಹಪ್ಪಳವನ್ನು ಬೇಗ ಬಿಟ್ಟರೆ ನಾಳೆ ಬೇಳೆಯೂ ಕೇಳುತ್ತದಲ್ಲ, ಪ್ರಭು."

ನಾಯಕ ಬೂದಿಯನ್ನೇ ನೋಡಿದ. ಸಿಟ್ಟು ಬರಬೇಕಾದ ಕಡೆ ನಗು ಬಂತು. ಹಸಿದ ಹೊಟ್ಟೆ ಹಿಡಿದುಕೊಂಡೇ ನಕ್ಕ.

"ನಿನ್ನ ಹಪ್ಪಳದ ಹೆಸರು ನೀಲವ್ವ ಎಂದು ತಿಳಿಯಿತು ಬಿಡು. ಹೋಗು, ಬೇರೆ ಅಡುಗೆ ಮಾಡಿಸು."

"ಆಗಲಿ ಪ್ರಭು. ಆದರೆ ಕಟ್ಟಳೆ ಇನ್ನೂ ಹಾಗೇ ಇದೆ. ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಒಲೆಗಿಟ್ಟರೆ, ನಾಳೆ ಸಂಜೆಗೆ ಬಡಿಸುತ್ತೇವೆ."

ನಾಯಕ ಎಲೆಯ ಮುಂದಿನಿಂದ ಏಳದೆಯೇ ಡಂಗುರದವನನ್ನು ಕರೆಸಿದ. ಪಾಠ ಒಪ್ಪಿಸಿದವರು, ಮನೆಯಲ್ಲಿ ಕೆಲಸವಿದ್ದರೆ, ಗುರುಗಳ ಒಪ್ಪಿಗೆ ಪಡೆದು ಹೊರಡಬಹುದೆಂದು ಸಾರಲು ಹೇಳಿದ.

ಡಂಗುರದ ಸದ್ದು ಕೋಟೆಯ ಬಾಗಿಲು ದಾಟುವಷ್ಟರಲ್ಲಿ ಬಿಸಿ ಅನ್ನ ಬಂತು, ಜೊತೆಗೆ ಗರಿಗರಿ ಹಪ್ಪಳ. ಇಷ್ಟು ಬೇಗ ಹೇಗಾಯಿತೆಂದು ನಾಯಕ ಕೇಳಲಿಲ್ಲ.