ಮೋಡ ಮೇಯ್ದ ಮೇಕೆ

ಕುರುಚಲು ಗುಡ್ಡವೊಂದರಲ್ಲಿ ಬೋಳಿ ಎಂಬ ಮುದಿ ಮೇಕೆಯಿದ್ದಳು. ಪ್ರಾಯದಲ್ಲಿ ತಾನು ಹಿಂಗಾಲ ಮೇಲೆ ನಿಂತು ಮೋಡಕ್ಕೇ ಬಾಯಿ ಹಾಕಿ ನಾಲ್ಕು ತುತ್ತು ಮೇಯ್ದವಳು ಎಂದು ಕುರಿ-ಮೇಕೆ ಕೂಡುವ ರೊಪ್ಪದಲ್ಲಿ ದಿನವೂ ಕೊಚ್ಚಿಕೊಳ್ಳುತ್ತಿದ್ದಳು. ಅದನ್ನು ಪೂರಾ ನಂಬಿದ್ದು ಅವಳ ಮೊಮ್ಮರಿ ಒಂದೇ.

ಆ ಬೇಸಿಗೆಯಲ್ಲಿ ಕುರಿಗಳು ಹುಲ್ಲನ್ನು ಬೇರು ಸಮೇತ ಕೆರೆದು ತಿಂದಿದ್ದವು. ಗುಡ್ಡಕ್ಕೆಲ್ಲ ಹಸಿರೆಂದು ಉಳಿದದ್ದು ಒಂದು ಎಲಚಿ ಗಿಡ. ಆಗಷ್ಟೇ ಮೊಲೆ ಬಿಟ್ಟ ಮರಿ ಹಸಿದು ಹಿಂದೆ ಹಿಂದೆ ಬರುತ್ತಿದ್ದರೂ ಬೋಳಿ ಕೆಳಗಿನ ರೆಂಬೆಗೇ ಬಾಯಿ ಹಾಕಿದಳು.

ಗಿಡ ಹೇಳಿತು: "ಅಜ್ಜಿ, ಆ ರೆಂಬೆ ಬಿಡು. ಮರಿಯ ಬಾಯಿಗೆ ಎಟುಕುವುದು ಅದೊಂದೇ. ಮೋಡ ಮೇಯ್ದವಳಿಗೆ ನನ್ನ ನೆತ್ತಿ ಒಂದು ಎತ್ತರವೇ?"

"ಮಂಡಿ ಹಿಡಿದುಕೊಂಡು ಎರಡು ವರ್ಷವಾಯಿತು ಕಣವ್ವ," ಎಂದಳು ಬೋಳಿ, ಮರಿಗೆ ಕೇಳಿಸದ ಹಾಗೆ. "ಮೋಡದ್ದು ಬರೀ ಬಾಯಿಮಾತು."

"ಗೊತ್ತು. ಹುಟ್ಟಿದಾಗಿನಿಂದ ಇಲ್ಲೇ ನಿಂತವಳಲ್ಲವೇ ನಾನು? ನನ್ನ ಮೇಲೆ ಕಾಲೂರು, ತಡೆದುಕೊಳ್ಳುತ್ತೇನೆ."

ಬೋಳಿ ಎದ್ದು ನಿಂತಳು. ಹಿಂಗಾಲು ಗಡಗಡ ನಡುಗಿದವು, ಮುಳ್ಳು ತುಟಿ ಗೀರಿತು. ಆದರೂ ಕೆಳಗೆ ಮರಿಯ ಹೊಟ್ಟೆ ತುಂಬುವ ತನಕ ಅವಳು ಮುಂಗಾಲು ನೆಲಕ್ಕಿಡಲಿಲ್ಲ.

ಇಳಿದವಳನ್ನು ಮರಿ ಕೇಳಿತು: "ಅಜ್ಜಿ, ಮೋಡ ಸಿಕ್ಕಿತಾ?"

"ಸಿಗದೆ ಏನು? ಆದರೆ ಈ ವರ್ಷದ ಮೋಡಕ್ಕೆ ಮುಳ್ಳು ಜಾಸ್ತಿ ಕಣೋ," ಎಂದಳು ಬೋಳಿ, ತುಟಿಯ ರಕ್ತ ನೆಕ್ಕಿಕೊಳ್ಳುತ್ತ.

ಮರಿ ಗಿಡದ ಕಡೆ ನೋಡಿತು.

"ಹೌದು ಮಗಾ," ಎಂದಿತು ಎಲಚಿ ಗಿಡ, "ನಾನೇ ಸಾಕ್ಷಿ."